ಕೆಂಪು ಹೊಟ್ಟೆಯ ಹಡಗು

ನಮ್ಮ ಬಾಲಿಕ್‌ಪಾಪನ್ ಕೊಲ್ಲಿಗೆ ಬರುವ ಹಡಗುಗಳ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡುವ ಅಗತ್ಯವೇ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳುವುದಾದರೆ, ಅವು ಎಷ್ಟು ಉದ್ದ ಅಂದರೆ ಮೂತಿಯ ಕಡೆಯವರು ಮಧ್ಯಾಹ್ನದ ಊಟಕ್ಕೆ ಕೂತಾಗ ಬಾಲದ ಕಡೆಯವರು ಇನ್ನೂ ಹಲ್ಲುಜ್ಜುತ್ತಿರುತ್ತಾರೆ. ಅಂಥ ಹಡಗುಗಳನ್ನು ದಿನಾ ನೋಡಿ ನೋಡಿ ಮಸ್ನಿಯಾಳ ಕಣ್ಣು ಅಷ್ಟು ದೊಡ್ಡದಾದದ್ದು ಅಂತ ನಮ್ಮ ಕೇರಿಯಲ್ಲಿ ಮಾತಿದೆ. ಹಾಗೆ ಅಂದುಕೊಂಡು ಆಮೇಲೆ ಎಷ್ಟೋ ಹುಡುಗಿಯರು ಹಡಗು ನೋಡುತ್ತ ಕೂತರು. ನೆಗಡಿ ಬಂತು, ಕಣ್ಣು ಬರಲಿಲ್ಲ.

ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ನಮ್ಮ ಕೇರಿಯಲ್ಲಿ ಅವಳದು ಕಟ್ಟಕಡೆಯ ಮನೆ. ಕದ ತೆಗೆದರೆ ಎದುರಿಗೆ ಎಣ್ಣೆಯ ಟ್ಯಾಂಕರುಗಳು, ಕಲ್ಲಿದ್ದಲಿನ ಹಡಗುಗಳು. ಬೇರೆ ಹುಡುಗಿಯರು ಕನ್ನಡಿ ನೋಡಿಕೊಳ್ಳುವ ಹೊತ್ತಿನಲ್ಲಿ ಅವಳು ಹಡಗುಗಳ ಹೊಟ್ಟೆ ನೋಡುತ್ತಿದ್ದಳು.

ಹಡಗಿನ ಮೈಗೆ ಕಪ್ಪು ಬಣ್ಣ, ಹೊಟ್ಟೆಗೆ ಕೆಂಪು. ಸರಕು ತುಂಬಿದ್ದರೆ ಕೆಂಪೆಲ್ಲ ನೀರೊಳಗೆ. ಖಾಲಿಯಾಗುತ್ತ ಬಂದ ಹಾಗೆ ಹಡಗು ಹಗುರಾಗಿ ಮೇಲೇಳುತ್ತದೆ, ಕೆಂಪು ಇಣುಕುತ್ತದೆ. ಪೂರ್ತಿ ಕೆಂಪು ಕಂಡಿತೆಂದರೆ ಮರುದಿನ ಆ ಜಾಗದಲ್ಲಿ ಬರೀ ನೀರು.

ಅದಕ್ಕೇ ಮಸ್ನಿಯಾಳಿಗೆ ಕೆಂಪು ಕಂಡರಾಗುತ್ತಿರಲಿಲ್ಲ. ಈ ಕೊಲ್ಲಿಯಲ್ಲಿ ಎಲ್ಲರೂ ಹೊರಡುವವರೇ. ಉಳಿಯುವವಳು ತಾನೊಬ್ಬಳೇ ಅಂತ ಅವಳಿಗನ್ನಿಸುತ್ತಿತ್ತು.

ದಿನಾ ಬೆಳಿಗ್ಗೆ ಅವಳೂ ಸಾನಾ ಚಿಕ್ಕಮ್ಮನೂ ದೋಣಿ ತುಂಬ ಬಾಳೆಲೆಯ ಪೊಟ್ಟಣ ಹೇರಿಕೊಂಡು ಹಡಗಿನವರಿಗೆ ಅನ್ನ ಮಾರಲು ಹೊರಡುತ್ತಿದ್ದರು. ಅರಿಶಿನದನ್ನ, ಮೇಲೆ ಕೆಂಪು ಮೆಣಸಿನಲ್ಲಿ ಮುಳುಗಿದ ಮೀನು. ಆ ಖಾರಕ್ಕೆ ಒಮ್ಮೆ ಒಬ್ಬ ಕ್ಯಾಪ್ಟನ್ ತನ್ನ ದೇಶದ ಹೆಸರನ್ನೇ ಮರೆತಿದ್ದ.

"ಅನ್ನಾ... ಅರಿಶಿನದನ್ನಾ..."

"ಮೀನು ಇವತ್ತಿಂದಾ, ನಿಮ್ಮಜ್ಜಿ ಕಾಲದ್ದಾ?"

ದನಿ ತಲೆಯ ಮೇಲಿಂದ ಬಂದಿರಲಿಲ್ಲ, ಕಿವಿಯ ಪಕ್ಕದಿಂದ ಬಂದಿತ್ತು. ಅವತ್ತು ಅವರು ದೋಣಿ ತಾಗಿಸಿದ್ದ ಮುದಿ ಟ್ಯಾಂಕರು ಎಣ್ಣೆಯ ಭಾರಕ್ಕೆ ಅಷ್ಟು ಕುಸಿದು ನಿಂತಿತ್ತು. ಹಡಗಿನಂಚಿನ ಕಟಕಟೆಯ ಮೇಲೆ ಮೊಣಕೈಯೂರಿ ಒಬ್ಬ ನಗುತ್ತಿದ್ದ. ಗಲ್ಲದ ಮೇಲೊಂದು ಮಚ್ಚೆ.

"ತಿಂದು ನೋಡಿ ಅಬಾಂಗ್. ಸತ್ರೆ ದುಡ್ಡು ವಾಪಸ್ಸು."

ಅಬಾಂಗ್ ಅಂದರೆ ನಮ್ಮಲ್ಲಿ ಅಣ್ಣ. ಗಿರಾಕಿಗೂ ಅದೇ, ಗಂಡನಿಗೂ ಅದೇ. ಯಾರಿಗೆ ಯಾವುದು ಅನ್ನುವುದು ರಾಗದಲ್ಲಿ ಗೊತ್ತಾಗಬೇಕು.

ಅವನು ಬುಟೊನ್ ದ್ವೀಪದ ಲಾ ಉದಿ. ಹಡಗಿನ ಪಂಪು ನೋಡಿಕೊಳ್ಳುವವನು. ಪೊಟ್ಟಣ ತೆಗೆದುಕೊಳ್ಳುವಾಗ ಅವನ ಬೆರಳು ತಾಗಿತು. ಆ ತಾಗುವಿಕೆಗೆ ಕೊಲ್ಲಿಯ ನೀರು ಒಂದು ಗಳಿಗೆ ಬಿಸಿಯಾಯಿತು. ಮೀನುಗಳನ್ನು ಕೇಳಿ ಬೇಕಾದರೆ.

ಮರುದಿನ ಹೋದಾಗ ಕೈ ಎಟುಕಲಿಲ್ಲ. ಹಡಗು ಮೇಲೆದ್ದಿತ್ತು.

"ಇವತ್ತು ಬುಟ್ಟಿ ಬಿಡ್ತೀನಿ" ಅಂದ ಲಾ ಉದಿ, ಹಗ್ಗ ಕಟ್ಟುತ್ತ.

"ಎಣ್ಣೆ ಎಲ್ಲಾ ದಡಕ್ಕೆ ಕಳಿಸ್ತಿರೋದು ಯಾರು?"

"ನಾನೇ. ನನ್ನ ಪಂಪು."

"ಹಾಗಾದ್ರೆ ನಿಮ್ಮನ್ನ ಮೇಲೆ ಹತ್ತಿಸ್ತಿರೋದೂ ನೀವೇ ಅನ್ನಿ."

ಅವನು ನೀರನ್ನು ನೋಡಿದ, ಅವಳನ್ನು ನೋಡಿದ, ನಗು ಅರ್ಧಕ್ಕೇ ನಿಂತಿತು. ಅವತ್ತಿನಿಂದ ಆ ಪಂಪಿಗೆ ಬಾರದ ಕಾಯಿಲೆಯಿಲ್ಲ. ಬೆಳಿಗ್ಗೆ ಕೆಮ್ಮು, ಮಧ್ಯಾಹ್ನ ಮಂಡಿನೋವು. ಕ್ಯಾಪ್ಟನ್ ಬೈದ ಬೈಗುಳಕ್ಕೆ ಹಡಗಿನ ಬಣ್ಣ ಎದ್ದುಬಂತು. ಆದರೂ ಎಣ್ಣೆ ಎಣ್ಣೆಯೇ, ಇಳಿಯುತ್ತ ಹೋಯಿತು. ದಿನಾ ಒಂದಷ್ಟು ಕೆಂಪು ಮೇಲೆ ಬಂತು, ದಿನಾ ಒಂದಷ್ಟು ಮುಖ ದೂರವಾಯಿತು. ಮೊದಲು ಮಚ್ಚೆ ಕಾಣದಾಯಿತು, ಆಮೇಲೆ ನಗು.

ಕೆಲಸದ ಹೊತ್ತಿನಲ್ಲಿ ಕ್ಯಾಪ್ಟನ್ ಯಾರನ್ನೂ ದಡಕ್ಕೆ ಬಿಡುತ್ತಿರಲಿಲ್ಲ.

"ಹಡಗಿನವನಿಗೆ ಮನಸ್ಸು ಕೊಡೋದೂ ಒಂದೇ, ಗಾಳಿಪಟಕ್ಕೆ ಕಿವಿಯೋಲೆ ಕಟ್ಟೋದೂ ಒಂದೇ ಕಣೇ" ಅಂದಳು ಚಿಕ್ಕಮ್ಮ.

"ನಾನೇನು ಕೊಟ್ಟೆ? ಅನ್ನ ಕೊಟ್ಟೆ."

"ಎಲ್ಲರ ಪೊಟ್ಟಣದಲ್ಲಿ ಒಂದು ಮೀನು, ಅವನದ್ರಲ್ಲಿ ಎರಡು. ನಂಗೆ ಕಣ್ಣಿಲ್ವಾ?"

ಕೊನೆಯ ದಿನ ಹಡಗು ಆಕಾಶಕ್ಕೆ ತಾಗಿ ನಿಂತಿತ್ತು. ಲಾ ಉದಿ ಕಟಕಟೆಯ ಮೇಲೆ ಕೂತ ಕಾಗೆಯಷ್ಟಾಗಿದ್ದ. ಎರಡೂ ಕೈ ಬಾಯಿಗೆ ಹಿಡಿದು ಕೂಗಿದ, "ಮಸ್ನಿಯಾ! ನಂಗೆ ನಿನ್ನ..."

ಸುತ್ತ ಅಷ್ಟೂ ದೋಣಿಯವರು ಹುಟ್ಟು ನಿಲ್ಲಿಸಿ ಕಿವಿಗೊಟ್ಟರು. ಮಸ್ನಿಯಾ ತುಟಿಯ ಮೇಲೆ ಬೆರಳಿಟ್ಟಳು.

"ಕೂಗ್ಬೇಡಿ! ಅದು ಕೂಗಿ ಹೇಳೋ ಮಾತಲ್ಲ! ಕೆಳಗೆ ಬಂದು ಹೇಳಿ!"

ಅದನ್ನವಳು ಎಷ್ಟು ಜೋರಾಗಿ ಕೂಗಿದಳೆಂದರೆ ಆಚೆ ದಡದ ಮಸೀದಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಮೇಲೆ ಕಾಗೆಯಷ್ಟಿದ್ದವನು ಕೈ ಇಳಿಸಿದ. ಮರುದಿನ ಬೆಳಿಗ್ಗೆ ಆ ಜಾಗದಲ್ಲಿ ಬರೀ ನೀರು.

ಅದೇ ಟ್ಯಾಂಕರು ಮತ್ತೆ ಬಂದದ್ದು ಮಳೆಗಾಲದ ಮೊದಲಿಗೆ. ತುಂಬಿದ ಹಡಗು, ಕೆಂಪಿನ ಸುಳಿವಿಲ್ಲ. ಮಸ್ನಿಯಾ ಹಸಿರು ರವಿಕೆ ತೊಟ್ಟಳು, ಎರಡು ಮೀನಿನ ಪೊಟ್ಟಣವನ್ನು ಬೇರೆಯೇ ಎತ್ತಿಟ್ಟಳು. ಕಟಕಟೆ ಕಿವಿಯ ಪಕ್ಕಕ್ಕೇ ಇತ್ತು. ಅಲ್ಲಿ ಯಾರೋ ದಪ್ಪನೆಯವನು ನಿಂತಿದ್ದ.

"ಲಾ ಉದಿನಾ? ಅವನು ಕೆಲಸ ಬಿಟ್ಟು ಹೋದ್ನಲ್ಲಾ. ತಲೆ ಕೆಟ್ಟೋನ ಥರ ಸಿಕ್ಕಸಿಕ್ಕೋರನ್ನೆಲ್ಲ ಕೇಳ್ತಿದ್ದ, ಯಾವ ಹಡಗು ಎಲ್ಲಿ ಸರಕು ತುಂಬಿಸ್ಕೊಳ್ಳತ್ತೆ ಅಂತ. ಪೊಟ್ಟಣ ನಂಗೆ ಕೊಡಮ್ಮ."

ಅವಳಿಗೆ ಕೇಳಿಸಿದ್ದು 'ಬಿಟ್ಟು ಹೋದ' ಅನ್ನುವುದಷ್ಟೇ. ಕೊಟ್ಟಳು. ಎರಡೂ ಮೀನು ಕೊಟ್ಟಳು.

ಆಮೇಲಿನ ದಿನಗಳಲ್ಲಿ ಅವಳು ಕದ ತೆಗೆದು ನಿಲ್ಲುತ್ತಿದ್ದಳು, ನೋಡುತ್ತಿರಲಿಲ್ಲ. ಹಡಗುಗಳು ಬಂದವು, ಹಗುರಾದವು, ಹೋದವು. ಸಂಜೆ ಅವುಗಳ ದೀಪ ನೀರಿನ ಮೇಲೆ ಹತ್ತಿದಾಗ ಕೊಲ್ಲಿ ಜಾತ್ರೆಯ ಹಾಗಿರುತ್ತಿತ್ತು. ಆ ಜಾತ್ರೆಯಲ್ಲಿ ಅವಳನ್ನು ಹೆಸರಿಟ್ಟು ಕರೆಯುವವರು ಯಾರೂ ಇರಲಿಲ್ಲ. ಇಲ್ಲಿ ಮಾತ್ರ ಸ್ವಲ್ಪವೂ ಹೆಚ್ಚಿಸಿ ಹೇಳುತ್ತಿಲ್ಲ.

ಒಂದು ಬೆಳಿಗ್ಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಹಡಗೊಂದು ಬಂತು. ಪೂರ್ತಿ ಖಾಲಿ, ಹೊಟ್ಟೆಯೆಲ್ಲ ಕೆಂಪು. ಬೆಟ್ಟ ಬಂದು ನಿಂತ ಹಾಗೆ.

"ಇದು ಬೇಡ ಚಿಕ್ಕಮ್ಮ."

"ಕಲ್ಲಿದ್ದಲಿನವರಿಗೂ ಹಸಿವಿರತ್ತೆ. ನಡಿ."

ತುದಿಯಿಂದ ಯಾರೋ ಬುಟ್ಟಿ ಇಳಿಬಿಟ್ಟ. ಚುಕ್ಕೆಯಷ್ಟು ಕಾಣುತ್ತಿದ್ದ. ಉಳಿದವರು "ಖಾರ ಜಾಸ್ತೀ", "ನಂಗೆರಡೂ" ಅಂತ ಅರಚುತ್ತಿದ್ದರೆ ಅವನದು ಮಾತ್ರ ಒಂದು ಸೊಲ್ಲಿಲ್ಲ. ಮರುದಿನವೂ ಹಾಗೇ. ದೋಣಿಗಳು ಕಲ್ಲಿದ್ದಲು ತಂದು ಸುರಿಯುತ್ತಿದ್ದವು, ಹಡಗು ಕುಸಿಯುತ್ತಿತ್ತು. ಚುಕ್ಕೆಗೆ ಕೈಕಾಲು ಬಂದವು, ಮಸಿ ಬಳಿದ ಮುಖ ಬಂತು. ಬಾಯಿ ಮಾತ್ರ ಬರಲಿಲ್ಲ.

"ಪಾಪ, ಮೂಗ ಇರ್ಬೇಕು" ಅಂದಳು ಚಿಕ್ಕಮ್ಮ. "ಏನಪ್ಪಾ, ಅನ್ನ ಹೆಂಗಿತ್ತು? ಚೆನ್ನಾಗಿತ್ತಾ?"

ಅವನು ಚಿಕ್ಕಮ್ಮನ ಕಡೆ ನೋಡಲಿಲ್ಲ. ಮಸ್ನಿಯಾಳನ್ನೇ ನೋಡುತ್ತ, ತುಟಿಯ ಮೇಲೆ ಬೆರಳಿಟ್ಟ.

ಮಸ್ನಿಯಾಳ ಕೈಯಲ್ಲಿದ್ದ ಬುಟ್ಟಿ ಮಗುಚಿತು. ಪೊಟ್ಟಣಗಳೆಲ್ಲ ನೀರಿಗೆ ಬಿದ್ದವು. ಆ ಖಾರ ತಿಂದ ಮೀನುಗಳು ಜಾವಾದವರೆಗೂ ನಿಲ್ಲದೆ ಓಡಿದವಂತೆ.

ಅವಳು ಕರೆಯಲಿಲ್ಲ. ಅವನೂ ಕೂಗಲಿಲ್ಲ. ಆದರೆ ಅವತ್ತೇ ಮಳೆ ಹಿಡಿಯಿತು. ಮಳೆಯಲ್ಲಿ ಕಲ್ಲಿದ್ದಲು ಸುರಿಯುವುದಿಲ್ಲ. ಹಡಗು ಇದ್ದಲ್ಲೇ ನಿಂತಿತು, ಎರಡಾಳೆತ್ತರದಲ್ಲಿ. ನೆನೆಯುತ್ತ ಇವಳು ಕೆಳಗೆ, ನೆನೆಯುತ್ತ ಅವನು ಮೇಲೆ. ಮಳೆ ಅವನ ಮಸಿ ತೊಳೆಯಿತು, ಗಲ್ಲದ ಮಚ್ಚೆ ಮಾತ್ರ ಉಳಿಯಿತು. ಬಿಸಿಲು ಬಂದ ದಿನ ಅವಳು ಕಲ್ಲಿದ್ದಲಿನ ದೋಣಿಗಳನ್ನು ನೋಡಿದ ನೋಟವಿದೆಯಲ್ಲ, ಹಾಗೆ ಯಾವ ಹೆಣ್ಣೂ ಬಂಗಾರವನ್ನು ಕೂಡ ನೋಡಿರಲಿಕ್ಕಿಲ್ಲ.

ಕೊನೆಗೆ ಕೆಂಪಿನ ಕಡೆಯ ಗೆರೆಯೂ ಮುಳುಗಿತು. ಕಟಕಟೆ ಅವಳ ಕಿವಿಯ ಪಕ್ಕಕ್ಕೆ ಬಂತು.

ಲಾ ಉದಿ ಬಗ್ಗಿ, ಉಸಿರಿನಷ್ಟು ಮೆಲ್ಲಗೆ ಹೇಳಿದ. ಏನು ಹೇಳಿದ ಅನ್ನುವುದು ಪಕ್ಕದ ದೋಣಿಗೂ ಕೇಳಿಸಲಿಲ್ಲ.

"ಏನು? ಕೇಳಿಸ್ಲಿಲ್ಲ" ಅಂದಳು ಮಸ್ನಿಯಾ. ಕೇಳಿಸಿತ್ತು.

ಇನ್ನೊಮ್ಮೆ ಹೇಳಿದ. ಇನ್ನೊಮ್ಮೆ ಕೇಳಿಸಲಿಲ್ಲ ಅಂದಳು. ಮೂರನೆಯ ಸಲ ಅವಳ ಕಣ್ಣು ತುಂಬಿತು.

"ನೀವು ಬಿಟ್ಟು ಹೋದ್ರಿ ಅಂದ್ಕೊಂಡಿದ್ದೆ."

"ಇಳಿಯೋ ಹಡಗು ಹುಡುಕೋಕೆ ಹೋಗಿದ್ದೆ. ಕೆಳಗೆ ಬಂದು ಹೇಳು ಅಂದೋಳು ನೀನಲ್ವಾ?"

"ಮೊದಲ ದಿನಾನೇ ಒಂದು ಸಲ ಹೆಸರಿಟ್ಟು ಕರೀಬಾರ್ದಿತ್ತಾ?"

"ಕೂಗ್ಬೇಡ ಅಂದಿದ್ಯಲ್ಲ."

ಮಸ್ನಿಯಾ ರವಿಕೆಯ ತೋಳಿನಿಂದ ಮೂಗೊರೆಸಿಕೊಂಡಳು. "ನನ್ನ ಕೇಳಿದ್ರೆ ಆಗ್ಲಿಲ್ಲ. ಹಿರಿಯರನ್ನ ಕೇಳ್ಬೇಕು."

"ಹಿರಿಯಳು ಇಲ್ಲೇ ಕೂತು ಸಾಯ್ತಿದ್ದೀನಿ, ಕೇಳಿ ಮುಗಿಸ್ರೋ!" ಅಂದಳು ಚಿಕ್ಕಮ್ಮ. "ನಿನ್ನ ಕಡೆ ಹಿರಿಯರು ಯಾರಪ್ಪ?"

ಲಾ ಉದಿ ಒಳಗೆ ಓಡಿ, ಸೌಟು ಹಿಡಿದಿದ್ದ ಅಡಿಗೆಯವನನ್ನೇ ಎಳೆದುಕೊಂಡು ಬಂದ. ಕಟಕಟೆಯ ಆಚೆ ಅಡಿಗೆಯವನು, ಈಚೆ ಚಿಕ್ಕಮ್ಮ. ಮದುವೆಯ ಮಾತು ಅಲ್ಲೇ ನಡೆಯಿತು.

"ಹುಡುಗ ಹೆಂಗೆ?"

"ಒಳ್ಳೆಯವನು. ನನ್ನ ಅಡಿಗೆ ಮಾತ್ರ ತಿನ್ನಲ್ಲ."

"ಹಾಗಾದ್ರೆ ಬುದ್ಧಿನೂ ಇದೆ" ಅಂದಳು ಚಿಕ್ಕಮ್ಮ. "ಕೊಟ್ಟೆ."

ಅಷ್ಟರಲ್ಲಿ ಹಡಗು ಕೂಗಿತು. ತುಂಬಿದ ಹಡಗು ನಿಲ್ಲುವುದಿಲ್ಲ. ಜಾವಾದಲ್ಲಿ ಯಾರದೋ ಮನೆಯ ದೀಪ ಈ ಕಲ್ಲಿದ್ದಲಿಗೆ ಕಾಯುತ್ತಿರುತ್ತದೆ.

"ಅಲ್ಲಿ ಖಾಲಿಯಾದ ಮೇಲೆ ಇದು ತುಂಬಿಸ್ಕೊಳ್ಳೋಕೆ ಇಲ್ಲಿಗೇ ಬರ್ಬೇಕು. ಬೇರೆ ದಾರಿಯಿಲ್ಲ" ಅಂದ ಲಾ ಉದಿ, ಅವಳ ಬೆರಳು ಬಿಡದೆ.

"ಬೇಗ ಬನ್ನಿ ಅಬಾಂಗ್."

ಆ ರಾಗ ಕೇಳಿ ಅಡಿಗೆಯವನು ಬೇರೆ ಕಡೆ ತಿರುಗಿಕೊಂಡ.

ಮರುದಿನ ಬೆಳಿಗ್ಗೆ ಆ ಜಾಗದಲ್ಲಿ ಬರೀ ನೀರು. ಮಸ್ನಿಯಾ ಕದ ತೆಗೆದು ನಿಂತಿದ್ದಳು, ಕೊಲ್ಲಿಯ ಬಾಯಿಯ ಕಡೆ ಕಣ್ಣಿಟ್ಟು. ಒಲೆಯ ಮುಂದಿನಿಂದ ಚಿಕ್ಕಮ್ಮ ಕೂಗಿದಳು.

"ನಿನ್ನೆ ಹೋದೋನು ಇವತ್ತು ಬರ್ತಾನಾ? ಏನೇ ಹುಡುಕ್ತಿದ್ದೀಯಾ ಅಲ್ಲಿ?"

"ಕೆಂಪು" ಅಂದಳು ಮಸ್ನಿಯಾ.