ಎರಡನೇ ಡಿಸ್ಕ್

ಸ್ಟುಡಿಯೋದ ಬೀಗ ಒಡೆದು ಹೊಸ್ತಿಲಲ್ಲಿ ಬಿದ್ದಿತ್ತು. ಕ್ಯಾಮೆರಾ ಇತ್ತು, ಟಿ.ವಿ. ಇತ್ತು, ಪ್ಲೇಯರ್ ಇತ್ತು. ಹೋಗಿದ್ದು ಒಂದೇ ಕ್ಯಾಸೆಟ್. ನಾನು ಶೂಟ್ ಮಾಡಿದ್ದು.

"ಅಯ್ಯೋ ಸಂಘಮಿತ್ರ, ಕಳ್ಳ ನುಗ್ಬುಟ್ಟವ್ನೆ ಕಣವ್ವ!" ಎಂದು ಕಂಠಪ್ಪ ಹಣೆ ಚಚ್ಚಿಕೊಂಡ. ಪಿರಿಯಾಪಟ್ಟಣದ ಕೇಬಲ್ ಚಾನೆಲ್ಲಿಗೆ ಅವನು ಮಾಲೀಕ, ನಾನು ವರದಿಗಾರ್ತಿ. ಮೂರನೆಯವರು ಯಾರೂ ಇರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಆ ಕ್ಯಾಸೆಟ್ಟಿನಲ್ಲಿ ಇದ್ದವಳು ಪುಟ್ಟಸಿದ್ದಮ್ಮ. ಅವಳ ಗಂಡ ಚಾಮಯ್ಯ ಬೆಟ್ಟದಪುರದ ಹತ್ತಿರ ತಂಬಾಕು ಬೇಯಿಸುವ ಬ್ಯಾರನ್ನಿನಲ್ಲಿ ಮೇಲಿನ ಅಂಕಣದಿಂದ ಬಿದ್ದು ಸತ್ತಿದ್ದ. ಕುಡಿದು ಬಿದ್ದ ಎಂದು ಬ್ಯಾರನ್ ಮಾಲೀಕ ಶಿವಶಂಕರ ಹೇಳಿದ. ನಮ್ಮ ಚಾನೆಲ್ಲೂ ಪತ್ರಿಕೆಗಳೂ ಅದನ್ನೇ ಊದಿದವು. ಪುಟ್ಟಸಿದ್ದಮ್ಮ ಅವನ ಕಾಲಡಿ ಮುರಿದ ಮರದ ಗಳ ಎತ್ತಿ ನನ್ನ ಕ್ಯಾಮೆರಾಗೆ ತೋರಿಸಿದ್ದಳು. ಒಳಗೆಲ್ಲ ಗೆದ್ದಲು. ಮಾರನೇ ದಿನ ಆ ಗಳ ಬ್ಯಾರನ್ ಒಲೆ ಸೇರಿತು. ಉಳಿದ ಸಾಕ್ಷಿ ಕ್ಯಾಸೆಟ್ ಒಂದೇ. ಕಂಠಪ್ಪ ಅದನ್ನು ಪ್ರಸಾರ ಮಾಡದೆ 'ನಾಳೆ ನೋಡಾನ' ಎಂದು ತಳ್ಳುತ್ತಿದ್ದ. ಸಬ್ ಇನ್ಸ್‌ಪೆಕ್ಟರ್ ಜವರಯ್ಯ ಅದನ್ನು ಸ್ಟೇಷನ್ನಿಗೆ ತರಲು ಹೇಳಿದ್ದು ನಿನ್ನೆ. ಇವತ್ತು ಕಳವು!

"ನಿನ್ನೆ ಸಂಜೆ ಪಿಕ್ಚರ್ ಹಾಕಿ, ಬೀಗ ಜಡ್ದು ಕೊಪ್ಪಕ್ಕೆ ನಾಮಕರಣಕ್ಕೆ ಓದೆ ಸಾ. ಅಲ್ಲೇ ಉಳ್ಕಂಡೆ. ಬೆಳಿಗ್ಗೆ ಬಂದ್ರೆ ಇಂಗಾಗದೆ" ಎಂದು ಕಂಠಪ್ಪ ಜವರಯ್ಯನವರಿಗೆ ಹೇಳಿದ.

*

ಎಲ್ಲರ ಅನುಮಾನ ಶಿವಶಂಕರನ ಮೇಲೆ. ನನ್ನದೂ ಅಷ್ಟೇ. ಪಟ್ಟಣದಲ್ಲೇ ಇದ್ದ ಅವನ ಮನೆಗೆ ಜವರಯ್ಯನವರ ಜೊತೆ ಹೋದೆ.

"ನಾನ್ಯಾಕ್ರೀ ಕದೀಲಿ?" ಶಿವಶಂಕರ ನಕ್ಕ. "ಅದು ಟಿ.ವಿ.ಲಿ ಬರಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು."

"ನಿನ್ನೆ ಸಂಜೆ ಎಲ್ಲಿದ್ರಿ?" ಜವರಯ್ಯ ಕೇಳಿದರು.

"ಮನೇಲೇ. ನೆಂಟ್ರು ಬಂದಿದ್ರು. ಎಲ್ಲಾ ಕೂತ್ಕೊಂಡು ಕಂಠಪ್ಪನ ಚಾನೆಲ್ಲಲ್ಲಿ ಪಿಕ್ಚರ್ ನೋಡಿದ್ವಿ. ಕ್ಲೈಮ್ಯಾಕ್ಸ್ ಬಾಳ ಚೆನ್ನಾಗಿತ್ತು ಬುಡಿ."

"ಮಧ್ಯೆ ನಿಲ್ಲಲಿಲ್ವಾ?" ನನ್ನ ಬಾಯಿಂದ ಥಟ್ಟನೆ ಬಂತು.

"ಇಲ್ಲ ಕಣಮ್ಮ. ಯಾಕೆ?"

ದಾರಿಯಲ್ಲಿ ಹೋಟೆಲ್ ನಡೆಸುವ ನೀಲಾಂಬಿಕೆಯನ್ನೂ ಕೇಳಿದೆವು. ಆಕೆಯೂ ಪಿಕ್ಚರನ್ನು ಪೂರ್ತಿ ನೋಡಿದ್ದಳು.

*

ಪುಟ್ಟಸಿದ್ದಮ್ಮನನ್ನು ಕರೆದುಕೊಂಡೇ ಸ್ಟುಡಿಯೋಗೆ ಬಂದೆವು.

"ಕಂಠಪ್ಪಣ್ಣ, ನಮ್ಮತ್ರ ಎಷ್ಟು ಪ್ಲೇಯರ್ ಇದೆ?"

"ಒಂದೇ."

"ನಿನ್ನೆ ಪಿಕ್ಚರ್‌ಗೆ ಎಷ್ಟು ಡಿಸ್ಕ್?"

"ಎರ..." ಕಂಠಪ್ಪ ಪ್ಲೇಯರಿನ ಕಡೆ ತಿರುಗಿ ನೋಡಿದ.

"ಮೊದಲನೇದು ಮುಗಿದ ಮೇಲೆ ಎರಡನೇದು ಹಾಕಿದ್ದು ಯಾರು? ಕದಿಯೋಕೆ ಬಂದವನು ಜನಕ್ಕೆ ಬೇಜಾರಾಗುತ್ತೆ ಅಂತ ಡಿಸ್ಕ್ ಬದಲಾಯಿಸ್ತಾನಾ? ನೀನು ಕೊಪ್ಪಕ್ಕೆ ಹೋಗೇ ಇಲ್ಲ. ಇಲ್ಲೇ ಕೂತಿದ್ದೆ. ಡಿಸ್ಕ್ ಮುಗೀತು, ಕೈ ತಾನಾಗೇ ಇನ್ನೊಂದು ಹಾಕ್ತು. ಆಮೇಲೆ ಬೀಗ ನೀನೇ ಒಡೆದೆ."

"ಕ್ಯಾಸೆಟ್ ಎಲ್ಲೋ?" ಜವರಯ್ಯ ಗುಡುಗಿದರು.

"ಅಳಿಸ್ಬುಟ್ಟೆ ಸಾ. ಶಿವಶಂಕರಣ್ಣ ಬ್ಯಾಡ ಅಂದಿದ್ರು. ಅವ್ರು ದೊಡ್ಡೋರು." ಕಂಠಪ್ಪ ಪುಟ್ಟಸಿದ್ದಮ್ಮನ ಕಡೆ ಕೈ ತೋರಿಸಿದ. "ಇವ್ರ ಕೇರೀಲಿ ಒಂದ್ ಕನೆಕ್ಷನ್ನೂ ಇಲ್ಲ. ಇವ್ರ ಮಾತು ಯಾರಿಗ್ ಬೇಕು ಸಾ?"

ನನಗೆ ಅಳು ಬಂತು. ಸಿಟ್ಟಿನ ಅಳು. ಚಾನೆಲ್ಲಿಗೆ ಹಾಡು ಹೋಗುತ್ತಿದ್ದ ಪ್ಲೇಯರಿನ ವೈರ್ ಕಿತ್ತು ಕ್ಯಾಮೆರಾಗೆ ಚುಚ್ಚಿ, ಅದನ್ನು ಪುಟ್ಟಸಿದ್ದಮ್ಮನ ಕಡೆ ತಿರುಗಿಸಿದೆ. ಊರಿನ ಟಿ.ವಿ.ಗಳಲ್ಲೆಲ್ಲ ನೇರವಾಗಿ ಅವಳ ಮುಖ ಬಂತು. ಜವರಯ್ಯ ತಡೆಯಲಿಲ್ಲ.

ಫೋನ್ ಹೊಡೆದುಕೊಂಡಿತು. ಜವರಯ್ಯನವರೇ ಎತ್ತಿದರು.

"ಹಾಡು ನಿಂತೋಯ್ತಾ? ಸಬ್ ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ಸುಮ್ನೆ ಕೂತ್ಕೊಂಡು ನೋಡ್ರಿ."

ಪುಟ್ಟಸಿದ್ದಮ್ಮ ಸೆರಗು ಸರಿಮಾಡಿಕೊಂಡಳು.

"ನನ್ ಗಂಡ ಕುಡೀತಿರ್ನಿಲ್ಲ ಕಣ್ರಪ್ಪ. ಗಳುಕ್ಕೆ ಗೆದ್ಲು ಇಡ್ದಿತ್ತು. ಆ ಗಳಾನ ಸುಟ್ಟಾಕುದ್ರು. ಕ್ಯಾಸೆಟ್ಟ ಅಳಿಸಾಕುದ್ರು. ನಾನಿನ್ನೂ ಇವ್ನಿ."