ಬೇಸ್ ಮೇಲೆ ಬರಿಗಾಲು

"ರೀ! ಮೊದಲು ಕಾಲು ತೆಗೀರಿ!"

ಬೃಂದಾಳ ಕೂಗಿಗೆ ಪೆರಂಬೂರಿನ ರೈಲ್ವೆ ಹಾಲ್ ಗಪ್‌ಚುಪ್! ರಾಕಬಿಲಿ ಎಂಬ ಹಳೇ ಅಮೆರಿಕನ್ ಕುಣಿತದ ಹಾಡುಗಳ ತಂಡಕ್ಕೆ ಹಾಡುಗಾರ್ತಿ ಬೇಕಂತೆ ಎಂದು ಕೇಳಿ ಬಂದಿದ್ದಳು. ಕಂಡದ್ದೇನು? ಪಿಟೀಲಿನಂಥದೇ ಆದರೂ ಆಳೆತ್ತರದ ಡಬಲ್ ಬೇಸ್ ವಾಲಿಸಿ, ಅದರ ಮಗ್ಗುಲ ಮೇಲೆ ಹತ್ತಿ ನಿಂತು ತಂತಿ ಬಾರಿಸುತ್ತಿದ್ದ ಒಬ್ಬ ಭೂಪ!

"ಇದು ರಾಕಬಿಲಿ ಸ್ಟೈಲು ಮೇಡಂ. ಇದನ್ನ ನೋಡೋಕೇ ಜನ ಬರೋದು," ಎಂದು ಆ ಭೂಪ ಪ್ರತಾಪ್ ನಕ್ಕ.

"ನಮ್ಮಮ್ಮ ವೀಣೆ ಹೇಳಿಕೊಡ್ತಾರೆ. ವಾದ್ಯಕ್ಕೆ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೆ ಒತ್ಕೋತೀವಿ... ನೀವು ನೋಡಿದ್ರೆ..." ಅವಳ ಕಣ್ಣು ತುಂಬಿತು.

ಅವನ ನಗು ಅಲ್ಲೇ ನಿಂತಿತು. ಮೆಲ್ಲಗೆ ಇಳಿದ.

ಆದರೂ ಅವಳು ಹಾಡಿದಳು, ತಂಡಕ್ಕೆ ಸೇರಿಯೂಬಿಟ್ಟಳು. ಅಂದಿನಿಂದ ಪ್ರತಾಪ್ ಬೇಸ್ ಹತ್ತಲೇ ಇಲ್ಲ; ಬರೀ ಬಿಂಕ ಅಂದುಕೊಂಡಳು ಬೃಂದಾ. ರೈಲ್ವೆ ನೌಕರಿಯ ಅಪ್ಪನದು ಒಂದೇ ಮಾತು: "ಈ ವರ್ಷದೊಳಗೆ ಕಾಯಂ ವೇದಿಕೆ ಸಿಗದಿದ್ರೆ, ಹಾಡು ಸಾಕು. ಬ್ಯಾಂಕ್ ಪರೀಕ್ಷೆ ಬರಿ."

"ಸಿಗುತ್ತೆ ಅಪ್ಪಾ. ಸಿಗಲೇಬೇಕು!"

೧೯೯೯ರ ಕ್ರಿಸ್‌ಮಸ್ ಡಾನ್ಸ್. ಮುಂದಿನ ಸಾಲಿನಲ್ಲಿ ಪೆರುಂಗುಡಿಯ ಹೋಟೆಲ್ ಮ್ಯಾನೇಜರ್ ಐತಪ್ಪ. ಅವರು ಒಪ್ಪಿದರೆ ಪ್ರತಿ ಶನಿವಾರ ಅಲ್ಲಿ ಹಾಡು. ಇಲ್ಲದಿದ್ದರೆ...

"ಏರು ಪ್ರತಾಪ್, ಏರು!" ಜನ ಕೂಗಿದರು. ಅವನು ಬೇಸ್ ಹತ್ತಲಿಲ್ಲ. ಚಪ್ಪಾಳೆ ತಣ್ಣಗಾಯಿತು. ಐತಪ್ಪ ಎದ್ದೇ ಬಿಟ್ಟರು.

ಹಳೇ ಸೇಡು ತೀರಿಸಿಕೊಳ್ತಿದ್ದಾನಾ? ಬೃಂದಾಳ ಮೈಯೆಲ್ಲ ಉರಿಯಿತು. ಹಾಡಿನ ನಡುವಿನ ಬಿಡುವಿನಲ್ಲಿ ಅವನ ಹತ್ತಿರ ಸರಿದಳು.

"ಯಾಕ್ರೀ ಹತ್ತಲ್ಲ? ನಾನು ಬೈದ ಸಿಟ್ಟು ಇನ್ನೂ ಹೋಗಿಲ್ವಾ?"

"ಸಿಟ್ಟಾ? ಅವತ್ತು ನಿಮ್ಮ ಕಣ್ಣಲ್ಲಿ ನೀರು ನೋಡಿದ್ನಲ್ಲ ಬೃಂದಾ... ಆಮೇಲೆ ಕಾಲೇ ಏಳ್ತಿಲ್ಲ. ಏನು ಮಾಡ್ಲಿ?"

ಇಷ್ಟು ತಿಂಗಳು ಬಿಂಕ ಅಂದುಕೊಂಡಿದ್ದು ಇದಾ! ಇಂಥವನನ್ನು ನಾನು ಏನೆಲ್ಲ ಅಂದುಕೊಂಡೆ!

ಚಪ್ಪಲಿ ಬಿಟ್ಟಳು. ಬೇಸ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದಳು.

"ವಾಲಿಸಿ ಹಿಡೀರಿ."

"ಅಯ್ಯಯ್ಯೋ, ಬಿದ್ದೀರಾ!"

"ಹಿಡೀರಿ ಅಂದೆ!"

ಅವನ ಭುಜ ಹಿಡಿದು ಹತ್ತಿಯೇಬಿಟ್ಟಳು ನಮ್ಮ ಹುಡುಗಿ! ಅವನು ಬಾರಿಸಿದ, ಅವಳು ಮೇಲಿಂದ ಗಂಟಲು ಬಿಟ್ಟು ಹಾಡಿದಳು. ಹಾಲ್ ಹುಚ್ಚೆದ್ದು ಕುಣಿಯಿತು. ಬಾಗಿಲವರೆಗೆ ಹೋಗಿದ್ದ ಐತಪ್ಪ ತಿರುಗಿ ಓಡಿ ಬಂದರು.

"ಶನಿವಾರದಿಂದಲೇ ಬನ್ನಿ ಮಾರಾಯ್ರೆ!"

ಪರದೆಯ ಹಿಂದೆ ಇಬ್ಬರೇ ಉಳಿದಾಗ ಪ್ರತಾಪ್ ಕೇಳಿದ, "ಅಮ್ಮನಿಗೆ ಏನು ಹೇಳ್ತೀರಿ?"

"ನಮಸ್ಕಾರ ಮಾಡಿ ಹತ್ತಿದೆ ಅಂತೀನಿ."

"ನಾನೂ ಬಂದು ಒಂದು ಮಾತು ಹೇಳ್ಲಾ? ನಿಮ್ಮ ಮಗಳಂದ್ರೆ ನನಗೆ ಪ್ರಾಣ ಅಂತ..."

ಅವಳ ಕಣ್ಣು ಮತ್ತೆ ತುಂಬಿತು. ಈ ಸಲ ನಗುತ್ತಲೇ.

"ಬನ್ನಿ. ಆದ್ರೆ ನೋಡ್ಕೊಂಡು ಕಾಲಿಡಿ... ವೀಣೆ ನಡುಮನೇಲೇ ಇರುತ್ತೆ!"