ಶಹ್ಲಾ ಹಿಡಿದ ಮೊಲ

ಕಂಡದ್ದನ್ನಷ್ಟೇ ಹೇಳುತ್ತೇನೆ. ಅಜ್ಜನ ಕಾಲದಿಂದ ನಾವು ಈ ಮರುಭೂಮಿಯಲ್ಲಿ ಸಲೂಕಿ ಬೇಟೆನಾಯಿಗಳನ್ನು ಬೆಳೆಸಿದವರು. ಪ್ರದರ್ಶನಗಳಲ್ಲಿ ಬಹುಮಾನ ಪಡೆದ ನಾಯಿಗಳೂ ನಮ್ಮ ಗುಡಾರದಲ್ಲೇ ಹುಟ್ಟಿದವು. ಆ ತಳಿಯ ಕೊನೆಯ ಹೆಣ್ಣು ಶಹ್ಲಾ ಮರಿ ಹಾಕದೆ ಸತ್ತಿತು. ಅದಕ್ಕೆ ಕೈತುತ್ತು ಕೊಟ್ಟು ಸಾಕಿದ್ದ ನನ್ನ ತಂಗಿ ಫಿದ್ದಾ ಊಟ ಬಿಟ್ಟಳು. ಚಳಿಗಾಲದ ಒಂದು ಮಧ್ಯಾಹ್ನ ಅವಳನ್ನು ಪಟ್ಟಣಕ್ಕೆ, ನನ್ನ ಮಗಳ ಮನೆಗೆ ಕರೆದುಕೊಂಡು ಹೊರಟೆ.

ಮೊಲಗಳಿರುವ ಬಯಲಿಗೆ ಬಂದಾಗ ಪಿಕಪ್ ಗಾಡಿಯ ಹಿಂಭಾಗದ ತೆರೆದ ತಗಡಿನ ಮೇಲೆ ಉಗುರುಗಳ ಸದ್ದಾಯಿತು. ನಿಲ್ಲಿಸಿದೆ. ಕಣ್ಣಿಗೆ ಏನೂ ಕಾಣಲಿಲ್ಲ; ಏದುಸಿರೊಂದು ಮಾತ್ರ ದೂರ ಓಡಿ, ಸ್ವಲ್ಪ ಹೊತ್ತಿಗೆ ಮರಳಿ ಬಂತು.

ಇಳಿದು ನೋಡಿದೆವು. ತಗಡಿನ ಮೇಲೆ ಒಂದು ಮೊಲ ಬಿದ್ದಿತ್ತು. ಜೀವವಿತ್ತು, ಗಾಯವಿರಲಿಲ್ಲ. ನಮ್ಮ ನಾಯಿಗಳು ಬೇಟೆಯನ್ನು ಕೊಲ್ಲುವುದಿಲ್ಲ. ಬಿಡು ಎನ್ನುವವರೆಗೆ ಹಿಡಿದಿರುತ್ತವೆ. ಮೊಲದ ಕತ್ತಿನ ಕೂದಲು ಒದ್ದೆಯಾಗಿ ತಗ್ಗಿತ್ತು. ಹಿಂಬಾಗಿಲು ತೆರೆದೆ, ಅದು ಒದ್ದಾಡಿತೇ ಹೊರತು ಏಳಲಿಲ್ಲ.

"ಬಿಡು" ಎಂದೆ. ಏನೂ ಆಗಲಿಲ್ಲ.

"ನಿನ್ನ ಮಾತು ಅವಳು ಯಾವತ್ತು ಕೇಳಿದಾಳೆ ಅಣ್ಣಾ? ನಿನ್ನ ಹೆಂಡ್ತಿನೇ ಕೇಳಲ್ಲ" ಎಂದಳು ಫಿದ್ದಾ.

"ಹಾಗಾದ್ರೆ ನೀನೇ ಹೇಳಮ್ಮ."

"ಹೇಳಿದ್ರೆ ಹೊರಟುಹೋಗ್ತಾಳಲ್ಲ."

ಮೊಲದ ಕಣ್ಣು ಮಂಜಾಗತೊಡಗಿತು. ಕೊನೆಗೆ, "ಸಾಕು ಮಗಳೇ, ಬಿಡು" ಎಂದಳು.

ಮೊಲ ನೆಗೆದು ಓಡಿತು. ಫಿದ್ದಾ ಮುಂದಿನ ಸೀಟಿಗೆ ಬರಲಿಲ್ಲ. ಕೊರೆಯುವ ಗಾಳಿಯಲ್ಲಿ ಹಿಂದೆಯೇ ಕುಳಿತು ಅಳುತ್ತ ಬಂದಳು. ಪಟ್ಟಣದಲ್ಲಿ ಇಳಿಸುವಾಗ ಅವಳ ಕೈಕಾಲುಗಳು ಮರಗಟ್ಟಿದ್ದವು. ಮಡಿಲ ಮೇಲಿನ ಬಟ್ಟೆ ಮಾತ್ರ ಬೆಚ್ಚಗಿತ್ತು.